ಕುತೂಹಲದ ಓದುಗನಿಗೆ ನಾವು ಕೊಡುವ ಪುಸ್ತಕ

ಯೋಚನೆಗೆ ಹಚ್ಚುವಂಥ ಒಂದು ಪುಸ್ತಕವನ್ನು ಹೇಳಿ ಎಂದು ಕೇಳುವವರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಅವರ ಸಂಖ್ಯೆ ದೊಡ್ಡದಲ್ಲ. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ಮುಗಿಸಿ ರಾತ್ರಿ ಓದಲು ಕೂರುವ ಗೃಹಸ್ಥ, ಹೊನ್ನಾಳಿಯ ಕಾಲೇಜಿನಲ್ಲಿ ಪದವಿಗೆ ಓದುತ್ತಿರುವ ಹುಡುಗಿ, ನ್ಯಾಮತಿ ಕಡೆಯ ತಾಂಡಾದಿಂದ ಬಂದು ನರ್ಸಿಂಗ್ ಕಲಿಯುತ್ತಿರುವವಳು, ಜಗಳೂರಿನ ಶಾಲೆಯ ಮೇಷ್ಟ್ರು: ಇಂಥವರು. ಕೆಲವರು ನಮ್ಮ ಸಭೆಯವರು, ಕೆಲವರು ಅಲ್ಲ. ಪೂಜೆ ಮುಗಿದ ಮೇಲೆ, ಎಲ್ಲರೂ ಹೊರಟುಹೋದ ಮೇಲೆ, ಸ್ವಲ್ಪ ಸಂಕೋಚದಿಂದಲೇ ಅವರು ಈ ಪ್ರಶ್ನೆಯನ್ನು ಕೇಳುತ್ತಾರೆ. ಪಾಪನಿವೇದನೆಗೆ ಬಂದವನಷ್ಟೇ ಎಚ್ಚರದಿಂದ ಉತ್ತರಿಸಬೇಕಾದ ಪ್ರಶ್ನೆ ಇದು ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಪುಸ್ತಕವನ್ನು ಕೇಳುವವನು ತನ್ನೊಳಗಿನ ಯಾವುದೋ ಕೊರತೆಯನ್ನೇ ಬೇರೆ ಹೆಸರಿನಲ್ಲಿ ಹೇಳುತ್ತಿರುತ್ತಾನೆ.

ಅವರಿಗೆ ನಾವು ಸಾಮಾನ್ಯವಾಗಿ ಕೊಡುವುದೇನು? ಒಬ್ಬ ಸಂತರ ಚರಿತ್ರೆ, ನವದಿನ ಪ್ರಾರ್ಥನೆಯ ಕಿರುಹೊತ್ತಗೆ, ತಪಸ್ಸುಕಾಲಕ್ಕೆಂದು ಬರೆದ ಧ್ಯಾನಗಳ ಸಂಕಲನ, ಇಲ್ಲವೇ ಇತರರ ಆಕ್ಷೇಪಗಳಿಗೆ ಸಮಾಧಾನ ಹೇಳುವ ಪ್ರಶ್ನೋತ್ತರ ಪುಸ್ತಕ. ಇವೆಲ್ಲ ನಿರುಪಯುಕ್ತವೆಂದು ನಾವು ಹೇಳುತ್ತಿಲ್ಲ. ಪ್ರಾರ್ಥನೆ ಮಾಡಬಯಸುವವನಿಗೆ ಇವು ಬೇಕು. ಆದರೆ ಪ್ರಶ್ನೆಯೊಂದಿಗೆ ಬಂದವನ ಕೈಗೆ ಉತ್ತರಗಳ ಪಟ್ಟಿಯನ್ನಿಟ್ಟರೆ, ಆತ ಅದನ್ನು ಗೌರವದಿಂದ ಸ್ವೀಕರಿಸಿ, ಮನೆಯಲ್ಲಿ ದೇವರ ಪಟದ ಬಳಿ ಇಟ್ಟು, ಮತ್ತೆ ಕೇಳಲು ಬರುವುದಿಲ್ಲ. ಈ ಮೌನವನ್ನು ನಾವು ತೃಪ್ತಿಯೆಂದು ಭಾವಿಸಿಕೊಳ್ಳುತ್ತೇವೆ.

ನಮ್ಮ ವಾದ ಇಷ್ಟು. ಗುರುವನ್ನೂ ಮಿಶನ್ನನ್ನೂ ಧಾರ್ಮಿಕ ಅಧಿಕಾರವನ್ನೂ ಹೊರಗಿನಿಂದ, ಕೆಳಗಿನಿಂದ, ಕೆಲವೊಮ್ಮೆ ಕಿಟಕಿಯ ಸಂದಿಯಿಂದ ನೋಡಿದ ಸಮರ್ಥ ಕೃತಿಗಳು ಕನ್ನಡದಲ್ಲಿವೆ. ಕುತೂಹಲಿಗೆ ನಾವು ಮೊದಲು ಸೂಚಿಸಬೇಕಾದವು ಅವು. ಸೂಚಿಸುವ ಮೊದಲು ಅವನ್ನು ನಾವು ಓದಿರಬೇಕು. ಓದಿ ಸ್ವಲ್ಪ ಕಂಗೆಟ್ಟಿರಲೂ ಬೇಕು. ಈ ಕೊನೆಯ ಮಾತಿನ ಮೇಲೆಯೇ ನಮ್ಮ ಒತ್ತು.

ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯದಲ್ಲಿ ಫಿಲಿಪ್ಪನು ಇಥಿಯೋಪಿಯದ ಅಧಿಕಾರಿಯನ್ನು ಸಂಧಿಸುವ ಪ್ರಸಂಗವನ್ನು ನಾವು ದೀಕ್ಷಾಸ್ನಾನದ ಪಾಠವಾಗಿ ಬೋಧಿಸುತ್ತೇವೆ. ಅದು ಓದಿನ ಪಾಠವೂ ಹೌದು. ಅಲ್ಲಿ ಓದುತ್ತಿರುವವನು ಫಿಲಿಪ್ಪನಲ್ಲ, ಆ ಅಧಿಕಾರಿ. ಪುಸ್ತಕ ಈಗಾಗಲೇ ಅವನ ಕೈಯಲ್ಲಿದೆ, ಗೊಂದಲವೂ ಅವನದೇ. ಫಿಲಿಪ್ಪನು ಬೇರೊಂದು ಪುಸ್ತಕವನ್ನು ತೆಗೆದುಕೊಡುವುದಿಲ್ಲ. ರಥವನ್ನೇರಿ ಪಕ್ಕದಲ್ಲಿ ಕುಳಿತು, ಆತ ಓದುತ್ತಿದ್ದ ಭಾಗದಿಂದಲೇ ಮಾತನ್ನು ಆರಂಭಿಸುತ್ತಾನೆ. ನಮ್ಮ ಗುರುಅಭ್ಯರ್ಥಿಗಳು ಜಗಳೂರಿನ ಮೇಷ್ಟ್ರಿಗೆ ಏನು ಓದಬೇಕೆಂದು ಹೇಳುವ ಮೊದಲು, ಅವರು ಈಗ ಏನನ್ನು ಓದುತ್ತಿದ್ದಾರೆಂದು ಕೇಳುವುದನ್ನು ರೂಢಿಸಿಕೊಳ್ಳಬೇಕು. ಅವರು ಕಾರಂತರನ್ನೋ ಕುವೆಂಪುರವರನ್ನೋ ಹೆಸರಿಸಿದರೆ ನಾವು ರಥವನ್ನು ಏರಬಲ್ಲೆವೇ ಎಂಬುದು ಮುಂದಿನ ಪ್ರಶ್ನೆ.

ಧರ್ಮಸಭೆಯ ಪರಂಪರೆ ಈ ವಿಷಯದಲ್ಲಿ ಒಂದೇ ದನಿಯದಲ್ಲ. 1559ರಲ್ಲಿ ನಾಲ್ಕನೆಯ ಪೌಲರ ಕಾಲದಲ್ಲಿ ಹೊರಟ ನಿಷಿದ್ಧ ಗ್ರಂಥಗಳ ಪಟ್ಟಿ, ಕಾನೂನಿನ ಬಲವನ್ನು ಕಳೆದುಕೊಂಡದ್ದು 1966ರಲ್ಲಿ. ನಾಲ್ಕು ಶತಮಾನಗಳ ಆ ಅಭ್ಯಾಸ ಒಂದು ಆಜ್ಞೆಯಿಂದ ಮನಸ್ಸಿನಿಂದ ಹೋಗುವುದಿಲ್ಲ. ಪಟ್ಟಿ ಹೋದರೂ ಅಂಜಿಕೆ ಉಳಿಯಿತು. ಇನ್ನೊಂದು ಕಡೆ ಸಂತ ಅಗಸ್ಟಿನರಿದ್ದಾರೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರ ಹೃದಯವನ್ನು ದೇವರ ಕಡೆಗೆ ಮೊದಲು ತಿರುಗಿಸಿದ್ದು ಸಿಸಿರೊ ಬರೆದ 'ಹೊರ್ಟೆನ್ಸಿಯುಸ್' ಎಂಬ ತತ್ತ್ವಗ್ರಂಥ; ಕ್ರಿಸ್ತನ ಹೆಸರೇ ಇಲ್ಲದ ಪುಸ್ತಕ. ಅದನ್ನೋದಿದ ಉತ್ಸಾಹದಲ್ಲಿ ಪವಿತ್ರ ಗ್ರಂಥವನ್ನು ಕೈಗೆತ್ತಿಕೊಂಡಾಗ ಅದರ ಶೈಲಿ ಅವರಿಗೆ ಒರಟಾಗಿ ಕಂಡಿತು. ಈ ಎರಡನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಆ ಯುವಕನಿಗೆ ಆ ದಿನ ಕೇವಲ ಧ್ಯಾನಪುಸ್ತಕ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟ.

ಸಂತ ಬೆಸಿಲರು ಗ್ರೀಕ್ ಸಾಹಿತ್ಯವನ್ನು ಓದುವ ಯುವಕರಿಗೆ ಬರೆದ ಉಪದೇಶದಲ್ಲಿ ಜೇನುನೊಣದ ಹೋಲಿಕೆ ಬರುತ್ತದೆ: ಹೂವಿನಿಂದ ಬೇಕಾದಷ್ಟನ್ನು ತೆಗೆದುಕೊಂಡು ಉಳಿದುದನ್ನು ಬಿಟ್ಟುಬಿಡುವ ಜಾಣತನ. ಗುರುಮಠಗಳಲ್ಲಿ ಇದು ಪ್ರಿಯವಾದ ಹೋಲಿಕೆ. ಆದರೆ ಇದರ ಮಿತಿಯನ್ನೂ ನಾವು ಗುರುತಿಸಬೇಕು. ಕಾದಂಬರಿ ಹೂವಲ್ಲ. 'ಚೋಮನ ದುಡಿ'ಯಿಂದ ಹೀರಿಕೊಂಡು ಹಾರಿಹೋಗಲು ಅಲ್ಲಿ ಜೇನಿಲ್ಲ. ಪ್ರಬೋಧನೆಗೆ ಒದಗುವ ಒಂದು ದೃಷ್ಟಾಂತಕ್ಕಾಗಿ ಸಾಹಿತ್ಯವನ್ನು ತಡಕುವ ಗುರುವಿಗೆ ಸಾಹಿತ್ಯ ಏನನ್ನೂ ಕೊಡದು. ಜಗದ್ಗುರು ಫ್ರಾನ್ಸಿಸರು 2024ರ ಜುಲೈ 17ರಂದು ಗುರುಶಿಕ್ಷಣದಲ್ಲಿ ಸಾಹಿತ್ಯದ ಪಾತ್ರವನ್ನು ಕುರಿತು ಬರೆದ ಪತ್ರ ಬೆಸಿಲರನ್ನು ಸ್ಮರಿಸುತ್ತದೆ; ಆದರೆ ಅದು ಒತ್ತುಕೊಡುವುದು ಬೇರೊಂದಕ್ಕೆ, ಇನ್ನೊಬ್ಬನ ದನಿಗೆ ಕಿವಿಗೊಡುವುದಕ್ಕೆ. ತಾವು 1964-65ರಲ್ಲಿ ಅರ್ಜೆಂಟೀನದ ಸಾಂತಾ ಫೆಯ ಶಾಲೆಯೊಂದರಲ್ಲಿ ಸಾಹಿತ್ಯ ಬೋಧಿಸುತ್ತಿದ್ದಾಗಿನ ಸಂಗತಿಯನ್ನು ಅವರು ಅಲ್ಲಿ ಹೇಳುತ್ತಾರೆ. ಪಠ್ಯದಲ್ಲಿದ್ದದ್ದು ಪ್ರಾಚೀನ ವೀರಕಾವ್ಯ. ಹುಡುಗರಿಗೆ ಬೇಕಾಗಿದ್ದದ್ದು ತಮ್ಮ ಕಾಲದ ಕವಿ ಲೋರ್ಕಾ. ಅವರು ಹುಡುಗರ ಪಕ್ಷ ವಹಿಸಿದರು. ಈ ಪತ್ರ ನಮ್ಮ ಗುರುಮಠಗಳ ಕಪಾಟುಗಳಿಗೆ ತಲುಪಿದೆ. ಪಠ್ಯಕ್ರಮಕ್ಕೆ ಎಷ್ಟು ತಲುಪಿದೆಯೆಂಬುದನ್ನು ಓದುಗರೇ ಬಲ್ಲರು.

ಇನ್ನು ಕೃತಿಗಳಿಗೆ ಬರೋಣ. ಮೊದಲನೆಯದು ಶಿವರಾಮ ಕಾರಂತರ 'ಚೋಮನ ದುಡಿ', 1933ರದು. ತೆಳುವಾದ ಪುಸ್ತಕ, ಒಂದೇ ರಾತ್ರಿಯಲ್ಲಿ ಓದಿ ಮುಗಿಸಬಹುದು, ಆಮೇಲೆ ನಿದ್ರೆ ಬಾರದು. ಅಸ್ಪೃಶ್ಯನಾದ ಚೋಮನಿಗೆ ಒಂದು ತುಂಡು ಭೂಮಿಯನ್ನು ತಾನೇ ಉಳಬೇಕೆಂಬ ಆಸೆ. ಎತ್ತುಗಳಿವೆ, ಮಣ್ಣಿಲ್ಲ. ಧಣಿಗೆ ಮನಸ್ಸು ಕರಗಿದರೂ ಸಂಪ್ರದಾಯ ಅಡ್ಡ ನಿಲ್ಲುತ್ತದೆ. ಆಗ ಅವನ ಮುಂದೆ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ: ಪಾದ್ರಿಯ ಬಳಿ ಹೋಗಿ ಕ್ರೈಸ್ತನಾದರೆ ಭೂಮಿ ಸಿಕ್ಕೀತು. ಮಗ ಗುರುವ ಕಾಫಿ ತೋಟದಲ್ಲಿ ಕ್ರೈಸ್ತ ಹೆಣ್ಣಿನ ಪ್ರೀತಿಯಿಂದ ಆ ಸಭೆಗೆ ಸೇರಿದ್ದಾನೆ. ಚೋಮನೂ ಹೊರಡುತ್ತಾನೆ, ಪಂಜುರ್ಲಿ ದೈವದ ಮೇಲಿನ ಭಯಭಕ್ತಿ ಅವನನ್ನು ಹಿಂದಕ್ಕೆ ಎಳೆಯುತ್ತದೆ. ಮಗನೊಬ್ಬ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಜಾತಿಯ ಕಾರಣದಿಂದ ಕೈಚಾಚುವುದಿಲ್ಲ.

ಈ ಕೃತಿಯನ್ನು ನಾವು ಕೇವಲ ಅಸ್ಪೃಶ್ಯತೆಯ ಖಂಡನೆಯೆಂದು ಓದಿದರೆ ಕ್ರೈಸ್ತ ಓದುಗನಿಗೆ ಅದು ಸುಖಕರವಾಗಿಬಿಡುತ್ತದೆ: ತಪ್ಪೆಲ್ಲ ಅನ್ಯರದು. ಆದರೆ ಕಾರಂತರು ಅಷ್ಟು ಸುಲಭವಾಗಿ ನಮ್ಮನ್ನು ಬಿಡುವುದಿಲ್ಲ. ಚೋಮನ ಮಗಳು ಬೆಳ್ಳಿಯ ಬಡತನವನ್ನು ಬಳಸಿಕೊಳ್ಳುವವನ ಹೆಸರು ಮನ್ವೇಲ. ಆ ಹೆಸರು ನಮ್ಮ ದೀಕ್ಷಾಸ್ನಾನದ ದಾಖಲೆ ಪುಸ್ತಕದ ಹೆಸರು. ಚೋಮನಿಗೆ ಕಾಣುವ ಚರ್ಚಿನ ಬಾಗಿಲ ಮೇಲೆ ಬರೆದಿರುವುದು ರಕ್ಷಣೆಯಲ್ಲ, ಭೂಮಿ. ಅವನು ತಿಳಿದದ್ದು ತಪ್ಪೇ? ಭೂಮಿಯಿಲ್ಲದವನಿಗೆ ರಕ್ಷಣೆ ಇನ್ನಾವ ರೂಪದಲ್ಲಿ ಕಂಡೀತು? ಇಸ್ರಯೇಲರಿಗೂ ಅದು ಮೊದಲು ಕಂಡದ್ದು ನಾಡಿನ ವಾಗ್ದಾನವಾಗಿಯೇ ಅಲ್ಲವೇ? ಮತಾಂತರವೆಂದರೆ ಆಮಿಷವೆಂದು ಹೊರಗಿನವರು ಆರೋಪಿಸುವಾಗ ನಾವು ಶುದ್ಧ ಆತ್ಮಿಕ ಕಾರಣಗಳನ್ನು ಮುಂದಿಡುತ್ತೇವೆ. ಚೋಮನ ಮುಂದೆ ಆ ಆರೋಪವೂ ಈ ಸಮರ್ಥನೆಯೂ ಬಡವಾಗುತ್ತವೆ. ವಿಚಿತ್ರವೆಂದರೆ, ಇಂದು ಲೆಕ್ಕ ತಿರುಗಿದೆ. 1950ರ ರಾಷ್ಟ್ರಪತಿಗಳ ಆದೇಶ ಮತ್ತು 1956, 1990ರ ತಿದ್ದುಪಡಿಗಳಂತೆ ಹಿಂದೂ, ಸಿಖ್, ಬೌದ್ಧರಲ್ಲದವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸುವುದಿಲ್ಲ. ಇಂದಿನ ಚೋಮ ನಮ್ಮ ಬಾಗಿಲಿಗೆ ಬಂದರೆ ಪಡೆಯುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಒಳಗೆ ಬಂದ ಮೇಲೆ ಯಾವ ಬೆಂಚಿನಲ್ಲಿ ಕೂರುತ್ತಾನೆ, ಅವನ ಮಗಳಿಗೆ ಯಾವ ಮನೆಯಿಂದ ಸಂಬಂಧ ಬರುತ್ತದೆ ಎಂಬುದನ್ನು ನಾವು ಬಲ್ಲೆವು. ಹೊನ್ನಾಳಿಯ ಹುಡುಗಿ ಈ ಪುಸ್ತಕವನ್ನೋದಿ ಬಂದು ಇದನ್ನೇ ಕೇಳಿದರೆ, ಅದಕ್ಕೆ ಪ್ರಶ್ನೋತ್ತರ ಪುಸ್ತಕದಲ್ಲಿ ಪುಟವಿಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ದೊಡ್ಡ ಕಾದಂಬರಿ, ಎಲ್ಲರಿಗೂ ಸೂಚಿಸಲಾಗದು. ಆದರೆ ಗುರುಅಭ್ಯರ್ಥಿಗೆ ಅದು ಕಡ್ಡಾಯವಾಗಬೇಕೆಂದು ನಾವು ಬಯಸುತ್ತೇವೆ, ಜೀವರತ್ನಯ್ಯ ಎಂಬ ಪಾದ್ರಿಗಾಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನೊಳಕ್ಕೆ ಆತ ಬರುವುದು ಬೈಸಿಕಲ್ಲಿನ ಮೇಲೆ. ಹಳ್ಳಿಗರ ಬಾಯಲ್ಲಿ ಅದು 'ಬೀಸೆಕಲ್ಲು'. ಜನ ಮೊದಲು ಬೆರಗಾಗುವುದು ಆ ಎರಡು ಚಕ್ರಗಳಿಗೆ, ಶುಭಸಂದೇಶಕ್ಕಲ್ಲ. ಬೆಟ್ಟಳ್ಳಿಯ ದೇವಯ್ಯನ ಆಕರ್ಷಣೆಯಲ್ಲಿ ಹೊಸ ಕಾಲದ ಮೋಹ ಎಷ್ಟು, ಧರ್ಮದ ಹಸಿವು ಎಷ್ಟು ಎಂದು ಬೇರ್ಪಡಿಸಲಾಗದು. ಬಹುಶಃ ದೇವಯ್ಯನಿಗೂ ಅದು ತಿಳಿಯದು. ಕುವೆಂಪು ನಮ್ಮ ಬಗ್ಗೆ ಅನ್ಯಾಯ ಮಾಡಿದ್ದಾರೆಂದು ದೂರುವವರುಂಟು. ಮಿಶನ್ನಿನ ಬಗ್ಗೆ ಅವರಿಗೆ ಸಂದೇಹವಿತ್ತೆಂಬುದು ನಿಜ, ಅದನ್ನು ಅವರು ಅಡಗಿಸಿಲ್ಲ. ಆದರೆ ಪಾದ್ರಿಯನ್ನು ಖಳನನ್ನಾಗಿ ಮಾಡುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ; ಅವನನ್ನು ಅವನ ವಾಹನದೊಂದಿಗೆ, ಅವನ ಉತ್ಸಾಹದೊಂದಿಗೆ, ಜನರ ನಗೆಯ ನಡುವೆ ನಿಲ್ಲಿಸಿದರು. ಖಳನಾಗಿ ಕಾಣುವುದಕ್ಕಿಂತ ಹಾಸ್ಯಾಸ್ಪದವಾಗಿ ಕಾಣುವುದು ನಮಗೆ ಹೆಚ್ಚು ನೋವಿನದು. ಉಪಕೇಂದ್ರಗಳಿಗೆ ಮೋಟಾರು ಬೈಕಿನಲ್ಲಿ ಧೂಳೆಬ್ಬಿಸಿಕೊಂಡು ಹೋಗುವ ಕಿರಿಯ ಗುರುಗಳು ಆ ಪುಟಗಳನ್ನೊಮ್ಮೆ ಓದಲಿ. ಜನ ಎದ್ದುನಿಂತು ನೋಡುತ್ತಿರುವುದು ಯಾವುದನ್ನು?

ಅನಂತಮೂರ್ತಿಯವರ 'ಸಂಸ್ಕಾರ'ದ (1965) ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ನಾವು ಹೇಳುವುದು ಒಂದೇ. ಧರ್ಮಸಭೆಯ ಕಾನೂನನ್ನು ಅಭ್ಯಸಿಸುವ ವರ್ಷದಲ್ಲಿ, ಉತ್ತರಕ್ರಿಯೆಯನ್ನು ಯಾರಿಗೆ ನಿರಾಕರಿಸಬಹುದೆಂದು ಹೇಳುವ 1184ನೆಯ ವಿಧಿಗೆ ಬಂದಾಗ, ಈ ಕಾದಂಬರಿಯನ್ನು ಜೊತೆಗಿಟ್ಟುಕೊಳ್ಳಬೇಕು. ಆಚಾರ ಬಿಟ್ಟ ನಾರಣಪ್ಪನ ಶವ ಅಗ್ರಹಾರದಲ್ಲಿ ಬಿದ್ದಿದೆ, ಪ್ರಾಣೇಶಾಚಾರ್ಯರು ತಾಳೆಗರಿಗಳಲ್ಲಿ ಉತ್ತರ ಹುಡುಕುತ್ತಿದ್ದಾರೆ, ಬಿಸಿಲು ಏರುತ್ತಿದೆ. ಗ್ರಂಥ ಮೌನವಾಗಿದೆ, ಮಾರುತಿಯೂ ಮೌನ. ಕೊನೆಗೆ ಶವಕ್ಕೆ ಬೆಂಕಿ ಸಿಗುವುದು ಶಾಸ್ತ್ರಜ್ಞರಿಂದಲ್ಲ. ಚಂದ್ರಿ, ಒಬ್ಬ ಮುಸ್ಲಿಮನ ನೆರವಿನಿಂದ, ರಾತ್ರಿಯಲ್ಲಿ ಆ ಕೆಲಸವನ್ನು ಮುಗಿಸುತ್ತಾಳೆ. ಸಂದೇಹವಿದ್ದಲ್ಲಿ ಧರ್ಮಾಧ್ಯಕ್ಷರನ್ನು ಕೇಳಬೇಕೆಂದು ನಮ್ಮ ವಿಧಿ ಹೇಳುತ್ತದೆ. ಕೇಳುವ ಹೊತ್ತಿನಲ್ಲಿ ಹೆಣದ ಮನೆಯವರು ಏನು ಮಾಡುತ್ತಿರುತ್ತಾರೆಂಬುದನ್ನು ವಿಧಿ ಹೇಳುವುದಿಲ್ಲ, ಕಾದಂಬರಿ ಹೇಳುತ್ತದೆ.

ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಪಡೆದ ಮೇಲೆ ಎಲ್ಲರೂ ಅವರ ಹೆಸರನ್ನು ಹೇಳುತ್ತಿದ್ದಾರೆ. ಪ್ರಶಸ್ತಿಯ ಸದ್ದು ಅಡಗುವ ಮೊದಲು 'ಕರಿ ನಾಗರಗಳು' ಕಥೆಯನ್ನು ಓದಿಬಿಡುವುದು ಒಳ್ಳೆಯದು. ಗಿರೀಶ ಕಾಸರವಳ್ಳಿಯವರ 'ಹಸೀನಾ' ಚಲನಚಿತ್ರದ ಮೂಲ ಇದೇ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಬಡ ತಾಯಿಯೊಬ್ಬಳು ನ್ಯಾಯಕ್ಕಾಗಿ ಮಸೀದಿಯ ಮುತವಲ್ಲಿಯ ಬಳಿ ಬರುತ್ತಾಳೆ. ಆತ ದುಷ್ಟನೇನಲ್ಲ, ಬಿಡುವಿಲ್ಲದವನು. ನಾಳೆ ಬಾ, ನೋಡೋಣ, ಮಾತನಾಡೋಣ. ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಕೆ ಮಸೀದಿಯ ಬಳಿಯೇ ಕುಳಿತುಬಿಡುತ್ತಾಳೆ. ಮಗು ಉಳಿಯುವುದಿಲ್ಲ. ಈ ಕಥೆಯಲ್ಲಿ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವ ಸಂಗತಿ ಇನ್ನೊಂದಿದೆ: ಧರ್ಮಶಾಸ್ತ್ರವೇ ಆ ತಾಯಿಗೆ ಕೊಟ್ಟಿರುವ ಹಕ್ಕುಗಳನ್ನು ಆಕೆಗೆ ತಿಳಿಸುವವರು ಧರ್ಮಾಧಿಕಾರಿಗಳಲ್ಲ, ಓದಿಕೊಂಡ ಇನ್ನೊಬ್ಬ ಹೆಂಗಸು. ಗ್ರಂಥ ಆಕೆಯ ಪರವಾಗಿದೆ. ಗ್ರಂಥವನ್ನು ಕೈಯಲ್ಲಿ ಹಿಡಿದವರು ಅಲ್ಲ.

ಇದನ್ನು ಅವರ ಮಸೀದಿಯ ಕಥೆಯೆಂದು ಓದಿ ತಲೆದೂಗುವ ಕ್ರೈಸ್ತ ಗುರುವಿಗೆ ಈ ಪುಸ್ತಕವನ್ನು ಕೊಡದಿರುವುದೇ ಮೇಲು. ಮುತವಲ್ಲಿ ಎಂದಿರುವಲ್ಲೆಲ್ಲ ಧರ್ಮಕೇಂದ್ರದ ಗುರು ಎಂದು ಓದಿಕೊಳ್ಳಬೇಕು. ಮದುವೆಯ ಕಟ್ಟಿನೊಳಗೆ ಹೊಡೆತ ತಿನ್ನುತ್ತ ನಮ್ಮ ಕಚೇರಿಯ ಬಾಗಿಲಲ್ಲಿ ನಿಂತವಳಿಗೆ ನಾವು ಹೇಳುವ ತಾಳ್ಮೆಯ ಮಾತು, ಮುತವಲ್ಲಿಯ ನಾಳೆ ಬಾ ಎಂಬ ಮಾತಿನಿಂದ ಎಷ್ಟು ದೂರ? ಅದೇ ಲೇಖಕಿಯ 'ಒಮ್ಮೆ ಹೆಣ್ಣಾಗು ಪ್ರಭುವೇ' ಸೃಷ್ಟಿಕರ್ತನನ್ನೇ ಕುರಿತು ಒಬ್ಬ ಹೆಣ್ಣು ಆಡುವ ಮಾತು. ದೈವನಿಂದೆಯೆಂದು ಬೆಚ್ಚುವ ಮೊದಲು ಯೋಬನ ಗ್ರಂಥವನ್ನು ನೆನೆಯೋಣ. ಅಲ್ಲಿ ದೇವರಿಗೆ ಮೆಚ್ಚಿಗೆಯಾದದ್ದು ದೇವರನ್ನು ಸಮರ್ಥಿಸಿದ ಗೆಳೆಯರ ಮಾತಲ್ಲ, ದೂರಿದವನ ಮಾತು. ಗುರುಮಠದಲ್ಲಿ ಯೋಬನನ್ನು ಬೋಧಿಸುವಾಗ ಈ ಕಥೆಯನ್ನೂ ಓದಿಸಿದರೆ ಆ ಹಳೆಯ ಗ್ರಂಥಕ್ಕೆ ಹೊಸ ಟೀಕೆಯೊಂದು ದೊರೆತಂತಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಇಂಥ ಪುಸ್ತಕಗಳಿಂದ ಬಲಹೀನರ ವಿಶ್ವಾಸ ಕದಡುವುದಿಲ್ಲವೇ? ಕದಡಬಹುದು. ಆದರೆ ಕೇಳಲು ಬಂದವನ ವಿಶ್ವಾಸ ಈಗಾಗಲೇ ಕದಡಿದೆ. ಅದಕ್ಕೇ ಅವನು ಬಂದಿದ್ದಾನೆ. ನಾವು ಕೊಡದಿದ್ದರೆ ಅವನು ಓದದೆ ಉಳಿಯುವುದೂ ಇಲ್ಲ. ಕಾರಂತರೂ ಕುವೆಂಪುರವರೂ ಕಾಲೇಜಿನ ಪಠ್ಯಗಳಲ್ಲಿದ್ದಾರೆ, ತಾಲೂಕು ಗ್ರಂಥಾಲಯಗಳಲ್ಲಿದ್ದಾರೆ. ಉಳಿದದ್ದೆಲ್ಲ ಅವನ ಮೊಬೈಲಿನಲ್ಲಿದೆ. ಪ್ರಶ್ನೆ ಇರುವುದು, ಆ ಪುಸ್ತಕವನ್ನು ಅವನು ಒಂಟಿಯಾಗಿ ಓದುತ್ತಾನೆಯೇ ಅಥವಾ ಪಕ್ಕದಲ್ಲಿ ಯಾರಾದರೂ ಕುಳಿತಿರುತ್ತಾರೆಯೇ ಎಂಬುದರಲ್ಲಿ. ವಿಶ್ವಾಸವನ್ನು ಉಳಿಸಿಕೊಂಡವರ ಪೈಕಿ ಪ್ರಶ್ನೆಯನ್ನೇ ಕೇಳದವರು ಎಷ್ಟು ಮಂದಿ, ಕೇಳಿ ಜೊತೆ ದೊರೆತವರು ಎಷ್ಟು ಮಂದಿ ಎಂದು ಪ್ರತಿಯೊಬ್ಬ ಗುರುವೂ ತನ್ನ ಪರಿಚಿತರಲ್ಲೇ ಎಣಿಸಿ ನೋಡಬಹುದು.

ಹೊರಗಿನ ಕಣ್ಣುಗಳ ಬಗ್ಗೆಯೇ ಹೇಳಿದೆವು. ಒಳಗಿನ ಕಣ್ಣುಗಳೂ ಇವೆ. ನಮ್ಮ ನಾಲ್ಕು ತಾಲೂಕುಗಳು ಸೇರಿರುವ ಶಿವಮೊಗ್ಗ ಧರ್ಮಪ್ರಾಂತದಲ್ಲಿಯೇ, ಸಾಗರದಲ್ಲಿ, 1937ರಲ್ಲಿ ಹುಟ್ಟಿ ಬಾಳಿದ ನಾ. ಡಿಸೋಜ ಅವರು 2025ರ ಜನವರಿಯಲ್ಲಿ ನಮ್ಮನ್ನಗಲಿದರು. 2014ರ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ನಾವು ಹೆಮ್ಮೆಪಟ್ಟೆವು, ಹಾರಗಳನ್ನು ಹಾಕಿದೆವು. ಅವರ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಕಾದಂಬರಿಯನ್ನು ನಮ್ಮಲ್ಲಿ ಓದಿದವರು ಮಾತ್ರ ಸನ್ಮಾನ ಮಾಡಿದವರಿಗಿಂತ ಕಡಿಮೆಯಿರಬೇಕು. ಮಲೆನಾಡಿನ ಒಂದು ಊರಿನಲ್ಲಿ ಚರ್ಚೊಂದರ ಸುತ್ತ ನೆಲೆನಿಂತ ಕ್ರೈಸ್ತರ ಬದುಕನ್ನು, ಕ್ರೈಸ್ತರೇ ಆದ ಲೇಖಕರು, ಪ್ರಚಾರವಿಲ್ಲದೆ ಕ್ಷಮಾಯಾಚನೆಯೂ ಇಲ್ಲದೆ ಕನ್ನಡದ ಸಾಮಾನ್ಯ ಓದುಗನ ಮುಂದಿಟ್ಟ ಕೃತಿಯದು. ಧರ್ಮಸಭೆಯ ಚರಿತ್ರೆಯನ್ನು ಧರ್ಮಾಧ್ಯಕ್ಷರ ಸಾಲಿನಿಂದ ಬರೆಯುವ ನಮಗೆ, ಮನೆಗಳಿಂದಲೂ ಅದನ್ನು ಬರೆಯಬಹುದೆಂಬುದು ಹೊಸ ವಿಷಯ.

ಆದರೆ ಜಗಳೂರಿನ ಮೇಷ್ಟ್ರಿಗೆ ನಾವು ಸೂಚಿಸುವುದು ಅವರ 'ದ್ವೀಪ'ವನ್ನು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು ಡಿಸೋಜ. ಲಿಂಗನಮಕ್ಕಿಯ ನೀರು ಏರುತ್ತ ಬಂದು ಗುಡ್ಡವೊಂದನ್ನು ದ್ವೀಪವಾಗಿಸುತ್ತದೆ. ಪರಿಹಾರಕ್ಕೆ ಕಾಯುತ್ತ ಉಳಿದ ಗಣಪಯ್ಯ, ಅವನ ಹೆಂಡತಿ ನಾಗವೇಣಿ, ನೆರವಿಗೆ ಬಂದ ಕೃಷ್ಣಯ್ಯ. ಸುತ್ತ ನೀರು ಏರಿದಂತೆ ಒಳಗೆ ಸಂಶಯವೂ ಏರುತ್ತದೆ. ಇದರಲ್ಲಿ ಒಬ್ಬ ಕ್ರೈಸ್ತನಿಲ್ಲ, ಒಂದು ಚರ್ಚಿಲ್ಲ. ಆದರೂ ಇದನ್ನೋದುವ ಜಗಳೂರಿನವನ ಸ್ಥಿತಿಯನ್ನು ಗಮನಿಸಿ. ಅವನ ನೆಲ ಬರಗಾಲದ್ದು. ಭದ್ರಾ ಮೇಲ್ದಂಡೆಯ ನೀರಿಗಾಗಿ ವರ್ಷಗಟ್ಟಲೆ ಹೋರಾಡುತ್ತ, ಪ್ರಾರ್ಥಿಸುತ್ತ ಕಾದಿರುವ ಸೀಮೆಯದು. ಮಳೆಗಾಗಿ ನಾವು ವಿಶೇಷ ಬಲಿಪೂಜೆಗಳನ್ನು ಅರ್ಪಿಸುವ ಊರುಗಳವು. ಇತ್ತ ಚನ್ನಗಿರಿಯ ತೋಟಗಳು ಭದ್ರೆಯ ನಾಲೆಯ ನೀರನ್ನು ಕುಡಿಯುತ್ತಿವೆ. ನೀರು ಆಶೀರ್ವಾದವೆಂಬ ನಮ್ಮ ಎಲ್ಲ ಪ್ರಾರ್ಥನೆಗಳ ನಡುವೆ, ಆ ಆಶೀರ್ವಾದವನ್ನು ಕಟ್ಟಿ ನಿಲ್ಲಿಸಿದ ಕಡೆ ಯಾರ ಮನೆ ಮುಳುಗಿತೆಂದು 'ದ್ವೀಪ' ಕೇಳುತ್ತದೆ. ಅನ್ನದ ಪ್ರಾರ್ಥನೆಯನ್ನು ಬಹುವಚನದಲ್ಲಿ ಮಾಡಲು ಪ್ರಭುವು ಕಲಿಸಿದರು. ಆ ಬಹುವಚನದೊಳಗೆ ಗಣಪಯ್ಯನೂ ಬರುತ್ತಾನೆಯೇ ಎಂಬ ಚರ್ಚೆ ಮೇಷ್ಟ್ರ ತರಗತಿಯಲ್ಲಿ ನಡೆದರೆ ಅದು ಒಳ್ಳೆಯ ದೈವಶಾಸ್ತ್ರವೇ.

ಇಂಥ ಓದು ಗುರುಗಳಿಗೆ ಹೊರಗಿನ ವಿದ್ಯೆಯೆಂದು ಭಾವಿಸುವವರು ಉತ್ತಂಗಿ ಚನ್ನಪ್ಪನವರನ್ನು ನೆನೆಯಬೇಕು. ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ಅವರು ಸರ್ವಜ್ಞನ ವಚನಗಳನ್ನು ಓಲೆಗರಿಗಳಿಂದ, ಜನರ ಬಾಯಿಂದ ಸಂಗ್ರಹಿಸಿ, ಪರಿಷ್ಕರಿಸಿ, 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಎತ್ತಿಹಿಡಿದು ವಾದಿಸಿದವರೂ ಅವರೇ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನ ಈ ಪಾದ್ರಿಯನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಸರ್ವಜ್ಞನ ಹಿರೇಕೆರೂರು ಸೀಮೆ ಹೊನ್ನಾಳಿಗೆ ನೆರೆಯದು. ಹೊನ್ನಾಳಿಯ ವೀರಶೈವ ಮನೆಗಳಲ್ಲಿ ಆ ತ್ರಿಪದಿಗಳು ಗಾದೆಯ ಮಾತುಗಳಾಗಿ ಬಳಕೆಯಲ್ಲಿವೆ. ಅಂಥ ಮನೆಯಿಂದ ಬಂದ ಓದುಗನಿಗೆ ಯೇಸುವಿನ ಬಗ್ಗೆ ಪುಸ್ತಕ ಬೇಕೆನಿಸಿದರೆ, ಅವನ ಮನೆಯ ಪುಸ್ತಕವನ್ನು ಅವನಿಗಿಂತ ಪ್ರೀತಿಯಿಂದ ಓದಿದ ಕ್ರೈಸ್ತನೊಬ್ಬನಿದ್ದನೆಂಬುದೇ ಮೊದಲ ಪೀಠಿಕೆ. ಇದಕ್ಕೆ ಪ್ರತಿಯಾಗಿ ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಇದೆ. ಕ್ರೈಸ್ತರಲ್ಲದ ಕವಿ ಶಿಲುಬೆಯ ದಿನವನ್ನು ಕುರಿತು ಬರೆದ ಖಂಡಕಾವ್ಯವದು. ಅದರ ಭಾಷೆ ಇಂದಿನ ಓದುಗನಿಗೆ ಕಠಿಣ. ಪುಸ್ತಕವನ್ನು ಕೊಟ್ಟು ಕಳುಹಿಸಿದರೆ ಎರಡನೆಯ ಪುಟದಲ್ಲೇ ಮುಚ್ಚುತ್ತಾನೆ. ಪವಿತ್ರ ವಾರದಲ್ಲಿ ಒಂದು ಸಂಜೆ ಕೂರಿಸಿಕೊಂಡು ಗಟ್ಟಿಯಾಗಿ ಓದಬೇಕು, ನಡುನಡುವೆ ನಿಲ್ಲಿಸಿ ಅರ್ಥ ಹೇಳಬೇಕು. ಅದಕ್ಕೆ ಓದಬಲ್ಲ ಗುರು ಬೇಕು. ಹಳಗನ್ನಡದ ಛಾಯೆಯ ಒಂದು ಪದ್ಯವನ್ನು ತಡವರಿಸದೆ ಓದುವ ತರಬೇತಿ ನಮ್ಮ ಗುರುಮಠಗಳಲ್ಲಿ ಸಿಗುತ್ತಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ನ್ಯಾಮತಿಯ ತಾಂಡಾದ ಹುಡುಗಿಯ ಮಾತು ಉಳಿಯಿತು. ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಾಡಿನಾದ್ಯಂತದಿಂದ ಬಂಜಾರರು ಬಂದು ಸೇರುವ ಸೀಮೆಯದು. ಅವಳ ಮನೆಮಾತು ಲಂಬಾಣಿ. ಕನ್ನಡ ಶಾಲೆಯಲ್ಲಿ ಕಲಿತದ್ದು. ಅವಳ ಅಜ್ಜಿಯ ನೆನಪಿನಲ್ಲಿರುವ ಹಾಡುಗಳು ಅಚ್ಚಾದ ಪುಸ್ತಕಗಳಿಗಿಂತ ದೊಡ್ಡ ಗ್ರಂಥಾಲಯ. ಅವಳಿಗೆ ನಾವು ಪುಸ್ತಕವನ್ನು ಕೊಡುವ ಮುನ್ನ ಒಂದು ನೋಟುಪುಸ್ತಕವನ್ನು ಕೊಟ್ಟು, ಅಜ್ಜಿಯ ಹಾಡುಗಳನ್ನು ಬರೆದುಕೊಂಡು ಬಾ ಎನ್ನಬಹುದು. ಉತ್ತಂಗಿಯವರು ಮಾಡಿದ ಕೆಲಸವೇ ಅದು. ಆಮೇಲೆ ಅವಳು ಕೇಳಿದರೆ, ಬಾನು ಮುಷ್ತಾಕರ ಕಥೆಗಳು.

ವಯಸ್ಸಿನ ವಿಚಾರವನ್ನೂ ಹೇಳಬೇಕು. 'ಸಂಸ್ಕಾರ'ವನ್ನು ಹದಿನಾಲ್ಕರ ಹುಡುಗನಿಗೆ ಕೊಡುವುದು ವಿವೇಕವಲ್ಲ. ಅವನಿಗೆ ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಇದೆ, ಮಕ್ಕಳಿಗೆಂದೇ ಬರೆದ ಕಾದಂಬರಿ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದದ್ದು. ಧರ್ಮೋಪದೇಶದ ತರಗತಿಯ ಬಹುಮಾನಗಳಿಗೆ ಪ್ರತಿವರ್ಷ ಜಪಸರಗಳನ್ನೂ ಸ್ಟೀಲಿನ ಲೋಟಗಳನ್ನೂ ಕೊಳ್ಳುವ ಹಣದಲ್ಲಿ ಅದರ ಹತ್ತು ಪ್ರತಿಗಳು ಬರುತ್ತವೆ.